ಮಗ್ಗ ಶುರುವಾದರೆ ಕಂಪ್ಯೂಟರ್ ಯಾಕೆ ಆಫ್ ಆಗುತ್ತದೆ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಮಗ್ಗ ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ. ನೂಲಿನ ಲೆಕ್ಕ, ಸೀರೆ ಬಿಲ್, ಜಿಎಸ್‌ಟಿ ಎಲ್ಲ ನಾನು ಟ್ಯಾಲಿಯಲ್ಲಿ ಮಾಡುತ್ತೇನೆ. ಕಂಪ್ಯೂಟರ್ ತಂದು ಆರು ವರ್ಷವಾಯಿತು. ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. 600 ವಿಎ ಯುಪಿಎಸ್ ಕೂಡ ಅದರ ಜೊತೆಗೇ ತಂದದ್ದು. ಮೂರು ತಿಂಗಳಿಂದ ಕೆಲಸದ ನಡುವೆ ಟಕ್ ಅಂತ ಆಫ್ ಆಗುತ್ತಿದೆ. ಯಾವ ಮೆಸೇಜೂ ಬರುವುದಿಲ್ಲ. ಬೆಳಿಗ್ಗೆ ಕೆಲವೊಮ್ಮೆ, ಮಧ್ಯಾಹ್ನ ಜಾಸ್ತಿ. ಕೆಲವು ಸಲ ಬಟನ್ ಒತ್ತಿದ ತಕ್ಷಣ ಶುರುವಾಗಿ ಸಂಜೆವರೆಗೆ ನಡೆಯುತ್ತದೆ. ಕೆಲವು ಸಲ ಶುರುವಾಗಿ ಐದು ನಿಮಿಷಕ್ಕೆ ಮತ್ತೆ ಆಫ್. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆವು. ಈಗ ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಬೇಕೇ?

ಉತ್ತರ: ಬೇಡ ಅಕ್ಕಾರೇ, ಸದ್ಯಕ್ಕೆ ಬೇಡ. ಬೋರ್ಡ್ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ನಾಲ್ಕೈದಿವೆ, ಹೆಚ್ಚಿನವು ಪುಕ್ಕಟೆ.

ನಿಮ್ಮ ಪತ್ರದಲ್ಲಿ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಕೆಲವು ಸಲ ತಕ್ಷಣ ಶುರುವಾಗಿ ಸಂಜೆವರೆಗೆ ನಡೆಯುತ್ತದೆ, ಕೆಲವು ಸಲ ಐದು ನಿಮಿಷಕ್ಕೆ ಮತ್ತೆ ಹೋಗುತ್ತದೆ ಎಂದಿದ್ದೀರಿ. ಇವು ಎರಡು ಬೇರೆ ಬೇರೆ ನಮೂನೆಯ ಆಫ್. ಅಂದರೆ ನಿಮ್ಮ ಕಂಪ್ಯೂಟರಿಗೆ ಇರುವುದು ಒಂದು ರೋಗವಲ್ಲ, ಎರಡು. ಅದಕ್ಕೇ ರಿಪೇರಿಯವರಿಗೂ ಹಿಡಿತಕ್ಕೆ ಸಿಕ್ಕಿಲ್ಲ. ನವನಗರದ ನನ್ನ ಅಂಗಡಿಯಲ್ಲಿ ಕೂತು ನಾನು ಮಾಡುವ ಅಂದಾಜು ಇದು: ಯುಪಿಎಸ್ ಬ್ಯಾಟರಿ ಸತ್ತಿದೆ, ಮತ್ತು ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೊರಹಾಕುವ ಲೋಹದ ಹಲ್ಲುಗಳ ತುಂಡಾದ ಹೀಟ್ ಸಿಂಕ್‌ನಲ್ಲಿ ಅರಳೆ ತುಂಬಿದೆ. ಆದರೆ ಅಂದಾಜು ಅಂದಾಜೇ. ನಂಬುವ ಮೊದಲು ಪರೀಕ್ಷೆ ಮಾಡಿ. ಹೇಗೆ ಅಂತ ಹೇಳುತ್ತೇನೆ.

ಅದಕ್ಕೂ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಟ್ಯಾಲಿಯ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಪೆನ್‌ಡ್ರೈವ್ ತೆಗೆದು ಕಪಾಟಿನಲ್ಲಿಡಿ. ಬರೆಯುತ್ತಿರುವಾಗಲೇ ಕರೆಂಟ್ ಕಿತ್ತರೆ ಫೈಲ್ ಕೆಡಬಹುದು, ಎಸ್‌ಎಸ್‌ಡಿ ಇದ್ದರೂ ಅಷ್ಟೇ. ಬೋರ್ಡ್ ಹೋದರೆ ಹೊಸದು ತರಬಹುದು. ಮೂರು ವರ್ಷದ ಬಿಲ್ ಎಲ್ಲಿಂದ ತರುತ್ತೀರಿ?

ಈಗ ಫಾರ್ಮ್ಯಾಟ್ ವಿಷಯ. ಎರಡು ಸಲ ಮಾಡಿಸಿದ್ದೀರಿ, ಎರಡೂ ಸಲ ದಂಡ. ವಿಂಡೋಸ್ ತಾನಾಗಿ ಬಂದ್ ಆಗುವಾಗ ಅಂಗಡಿ ಮುಚ್ಚುವವರ ಹಾಗೆ ಮಾಡುತ್ತದೆ. ಒಳಗಿನ ಸಾಮಾನು ಎತ್ತಿಡುತ್ತದೆ, ಪರದೆ ಮೇಲೆ ಮುಚ್ಚುತ್ತಿದ್ದೇನೆ ಅಂತ ತೋರಿಸುತ್ತದೆ, ಆಮೇಲೆ ದೀಪ ಆರಿಸುತ್ತದೆ. ವಿಂಡೋಸ್ ಒಳಗೇ ಏನೋ ಕೆಟ್ಟು ಬಿದ್ದರೆ ನೀಲಿ ಪರದೆ ಬರುತ್ತದೆ, ಸಾಮಾನ್ಯವಾಗಿ ತಾನೇ ಮತ್ತೆ ಶುರುವಾಗುತ್ತದೆ. ನಿಮ್ಮಲ್ಲಿ ಇವೆರಡೂ ಇಲ್ಲ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಕತ್ತಲೆ. ಹಾಗೆ ಹೋಗುತ್ತಿದ್ದರೆ ವಿಂಡೋಸ್‌ಗೆ ಗೊತ್ತೇ ಆಗಿಲ್ಲ ಅಂತ ಅರ್ಥ. ಗೊತ್ತೇ ಇಲ್ಲದವರನ್ನು ಎರಡು ಸಲ ಶಿಕ್ಷಿಸಿದ ಹಾಗಾಯಿತು.

ಇದನ್ನು ಯಾರ ಸಹಾಯವೂ ಇಲ್ಲದೆ ನೀವೇ ಖಾತ್ರಿ ಮಾಡಿಕೊಳ್ಳಬಹುದು. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡಿಲೀಟ್ ಕೀಯನ್ನು ಟಕಟಕ ಒತ್ತುತ್ತಾ ಇರಿ. ಕೆಲವು ಕಂಪನಿಯದಕ್ಕೆ ಎಫ್2. ಬಯೋಸ್ ಅನ್ನುವ ಪರದೆ ಬರುತ್ತದೆ. ಅಲ್ಲಿ ಏನನ್ನೂ ಬದಲಿಸಬೇಡಿ, ಹಾಗೇ ಬಿಟ್ಟು ಒಂದು ತಾಸು ಬೇರೆ ಕೆಲಸ ನೋಡಿ. ಆ ಪರದೆಯಲ್ಲಿ ಇರುವಾಗ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲೇ ನಿಂತಾಗಲೂ ಆಫ್ ಆದರೆ ಫಾರ್ಮ್ಯಾಟ್, ವೈರಸ್, ಅಪ್‌ಡೇಟ್ ಮಾತೆಲ್ಲ ಅಲ್ಲಿಗೆ ಮುಗಿಯಿತು. ಮುಂದಿನ ಸಲ ಯಾರಾದರೂ ಫಾರ್ಮ್ಯಾಟ್ ಅಂದರೆ ಇದನ್ನು ಹೇಳಿ.

ವಿಂಡೋಸ್ ಒಳಗೆ ಈವೆಂಟ್ ವ್ಯೂವರ್ ಅನ್ನುವುದೂ ಇದೆ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಆಮೇಲೆ ಸಿಸ್ಟಮ್. ಆಫ್ ಆದ ಹೊತ್ತಿನ ಹತ್ತಿರ ಕರ್ನಲ್-ಪವರ್ 41 ಅಂತ ಕೆಂಪು ಗುರುತು ಕಾಣುತ್ತದೆ, ಜೊತೆಗೆ 6008 ಕೂಡ ಇರಬಹುದು. ಇದನ್ನು ನೋಡಿ ಹೆದರಿ ನನ್ನ ಹತ್ತಿರ ಬಂದವರು ಬಹಳ. ಈ 41 ಕಾರಣ ಹೇಳುವುದಿಲ್ಲ. ಹೋದ ಸಲ ನನಗೆ ಹೇಳದೆ ದೀಪ ಆರಿತು ಅಂತ ವಿಂಡೋಸ್ ಎದ್ದಮೇಲೆ ಬರೆದುಕೊಳ್ಳುವ ದೂರು, ಅಷ್ಟೇ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಅನ್ನುವ ಕಡೆ ಸೊನ್ನೆ ಇದ್ದರೆ ನೀಲಿ ಪರದೆ ದಾಖಲಾಗಿಲ್ಲ ಎಂದರ್ಥ, ಅಂದರೆ ಕರೆಂಟ್ ಅಥವಾ ಬಿಸಿಯ ಕಡೆ ನೋಡಬೇಕು. ಬದಲಿಗೆ 1074 ಅನ್ನುವ ಗುರುತು ಇದ್ದರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕೇಳಿಕೊಂಡು ಬಂದ್ ಮಾಡಿದೆ. ನಿಮ್ಮಲ್ಲಿ ಅದು ಇರಲಿಕ್ಕಿಲ್ಲ.

ಇನ್ನು ಅಸಲಿ ಪತ್ತೆದಾರಿಗೆ ಬರೋಣ. ಲೆಕ್ಕ ಬರೆಯುವವರು ನೀವು, ಹಾಗಾಗಿ ಇದು ನಿಮಗೆ ಸುಲಭ. ಒಂದು ಸಣ್ಣ ವಹಿಯಲ್ಲಿ ನಾಲ್ಕು ದಿನ ಬರೆದಿಡಿ. ಎಷ್ಟು ಗಂಟೆಗೆ ಆಫ್ ಆಯಿತು, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಆ ಕ್ಷಣ ಮಗ್ಗ ಶುರು ಮಾಡಿದರೋ, ಮಿಕ್ಸರ್ ಹಾಕಿದರೋ, ಮೋಟರ್ ಹಚ್ಚಿದರೋ. ಮತ್ತು ಎಲ್ಲಕ್ಕಿಂತ ಮುಖ್ಯ, ಮಾನಿಟರಿನ ಸಣ್ಣ ದೀಪ ಏನಾಯಿತು.

ಈ ಮಾನಿಟರ್ ದೀಪಕ್ಕೆ ಸಿಗಬೇಕಾದ ಬೆಲೆ ಯಾರೂ ಕೊಡುವುದಿಲ್ಲ. ಮಾನಿಟರ್ ಮತ್ತು ಡಬ್ಬಿ ಎರಡೂ ಒಂದೇ ಯುಪಿಎಸ್‌ನಲ್ಲಿವೆ ಅಂದುಕೊಳ್ಳುತ್ತೇನೆ. (ನಮ್ಮ ಕಡೆ ಡಬ್ಬಿಗೇ ಸಿಪಿಯು ಅನ್ನುತ್ತಾರೆ. ನಿಜವಾದ ಸಿಪಿಯು ಅಂದರೆ ಒಳಗಿನ ಪ್ರೊಸೆಸರ್, ಬಿಸ್ಕತ್ತಿನಷ್ಟು ಇರುತ್ತದೆ. ಇಲ್ಲಿ ಗೊಂದಲ ಬೇಡ ಅಂತ ಡಬ್ಬಿ ಅನ್ನುತ್ತೇನೆ.) ಆಫ್ ಆದಾಗ ಮಾನಿಟರ್ ದೀಪವೂ ಪೂರ್ತಿ ಆರಿದರೆ ತಪ್ಪು ಡಬ್ಬಿಯ ಹೊರಗಿದೆ: ಯುಪಿಎಸ್, ಪ್ಲಗ್, ಗೋಡೆಯ ಬೋರ್ಡ್, ವೋಲ್ಟೇಜ್. ಮಾನಿಟರ್ ದೀಪ ಉರಿಯುತ್ತಲೇ ಇದ್ದು, ನೋ ಸಿಗ್ನಲ್ ಅಂತ ತೋರಿಸಿ ಮಿಣಮಿಣ ಅಂದರೆ ತಪ್ಪು ಡಬ್ಬಿಯ ಒಳಗಿದೆ: ಬಿಸಿ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಡಬ್ಬಿಗೆ ಹೊಂದಿಸಿ ಕೊಡುವ ಪೆಟ್ಟಿಗೆ), ಬಟನ್. ಇನ್ನೂ ಒಂದಿದೆ. ಪರದೆ ಕಪ್ಪಾಗಿದೆ, ಆದರೆ ಡಬ್ಬಿಯ ಫ್ಯಾನ್ ತಿರುಗುತ್ತಲೇ ಇದೆ. ಆಗ ಅದು ಆಫೇ ಆಗಿಲ್ಲ. ಅದು ಕೇಬಲ್ ಅಥವಾ ಡಿಸ್‌ಪ್ಲೇ ತೊಂದರೆ, ಬೇರೆ ಕಥೆ.

ಮೂರು ಸೆಕೆಂಡಿನ ಈ ನೋಟಕ್ಕೆ ಅರ್ಧ ಕೆಲಸ ಮುಗಿಯುತ್ತದೆ. ನನ್ನ ಅಂಗಡಿಗೆ ಡಬ್ಬಿ ಹೊತ್ತು ತರುವವರಿಗೆ ನಾನು ಮೊದಲು ಕೇಳುವುದೂ ಇದನ್ನೇ. ಹತ್ತರಲ್ಲಿ ಒಂಬತ್ತು ಜನ ನೋಡಿರುವುದಿಲ್ಲ. ಹೊತ್ತು ತಂದ ಡಬ್ಬಿ ನನ್ನ ಟೇಬಲ್ ಮೇಲೆ ಇಡೀ ದಿನ ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ರೋಗ ಅವರ ಮನೆಯ ಗೋಡೆಯಲ್ಲಿ ಇದೆ.

ನಿಮ್ಮ ಬೆಳಗಿನ ಆಫ್‌ಗಳಲ್ಲಿ ಮಾನಿಟರ್ ದೀಪವೂ ಆರುತ್ತದೆ ಅಂತ ನನ್ನ ಊಹೆ. ಮಗ್ಗದ ಮೋಟರ್ ತಿರುಗುತ್ತಿರುವಾಗ ಎಳೆಯುವ ಕರೆಂಟ್ ಸಾಧಾರಣ. ಆದರೆ ನಿಂತ ಮೋಟರ್ ಶುರುವಾಗುವ ಆ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ನಿಮ್ಮದು ನಾಲ್ಕು ಮಗ್ಗ, ಓಣಿಯಲ್ಲಿ ಇನ್ನೂ ನಲವತ್ತು ಇದ್ದಾವು. ಕರೆಂಟ್ ಹೋಗಿ ಬಂದಾಗ ಎಲ್ಲರೂ ಒಟ್ಟಿಗೇ ಶುರು ಮಾಡುತ್ತಾರೆ, ಅಲ್ವಾ? ಆಗ ಓಣಿಯ ವೋಲ್ಟೇಜ್ ಒಮ್ಮೆ ಕುಸಿದು ಏಳುತ್ತದೆ. ಬಲ್ಬ್ ಸ್ವಲ್ಪ ಮಂಕಾಗಿ ಸರಿಯಾಗುತ್ತದೆ, ನೀವು ಗಮನಿಸುವುದೂ ಇಲ್ಲ. ಯುಪಿಎಸ್ ಗಮನಿಸುತ್ತದೆ. ಕೆಳಗೆ ಸುಮಾರು 140-145 ವೋಲ್ಟ್‌ವರೆಗೆ ಅದು ಗೋಡೆಯ ಕರೆಂಟನ್ನೇ ಸರಿಪಡಿಸಿ ಕೊಡುತ್ತದೆ. ಅದಕ್ಕಿಂತ ಕೆಳಗೆ ಹೋದರೆ, ಅಥವಾ ಪಟ್ಟನೆ ಕುಸಿದರೆ, ಬ್ಯಾಟರಿಗೆ ಹಾರುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ನಿಮಗೆ ಒಂದು ಟಿಕ್ ಸದ್ದು ಮಾತ್ರ ಕೇಳುತ್ತದೆ. ಬ್ಯಾಟರಿ ಸತ್ತಿದ್ದರೆ? ಹಾರಿದ ಕಡೆ ನೆಲವೇ ಇಲ್ಲ. ಮನೆಯ ಲೈಟ್, ಫ್ಯಾನ್ ಎಲ್ಲ ಆರಾಮಾಗಿ ನಡೆಯುತ್ತಿವೆ, ಕಂಪ್ಯೂಟರ್ ಒಂದೇ ಟಕ್.

ಹಾಗಾಗಿ ಸತ್ತ ಬ್ಯಾಟರಿಯ ಯುಪಿಎಸ್ ಇರುವುದು ಯುಪಿಎಸ್ ಇಲ್ಲದೇ ಇರುವುದಕ್ಕಿಂತ ಕಡೆ. ಬಹಳ ಜನ ಒಪ್ಪುವುದಿಲ್ಲ, ಆದರೆ ನಾನು ಕಂಡದ್ದು ಇದೇ. ಡಬ್ಬಿಯ ಎಸ್‌ಎಂಪಿಎಸ್‌ಗೆ ತನ್ನದೇ ಸ್ವಲ್ಪ ದಮ್ಮು ಇರುತ್ತದೆ. ಕರೆಂಟ್ ಪೂರ್ತಿ ನಿಂತರೂ ಸೆಕೆಂಡಿನ ನೂರರಲ್ಲಿ ಒಂದೂವರೆ ಭಾಗದಷ್ಟು ಹೊತ್ತು ಅದು ತಡೆಯುತ್ತದೆ, ಬರೀ ವೋಲ್ಟೇಜ್ ಇಳಿದರೆ ಇನ್ನೂ ಜಾಸ್ತಿ ಹೊತ್ತು. ಸುಮ್ನೆ ಗೋಡೆಗೆ ಚುಚ್ಚಿದ್ದರೆ ಆ ಸಣ್ಣ ಕುಸಿತವನ್ನು ಅದು ದಾಟಿಬಿಡುತ್ತಿತ್ತೋ ಏನೋ. ನಡುವೆ ಕೂತ ಯುಪಿಎಸ್ ಕಾಪಾಡುತ್ತೇನೆ ಅಂತ ಹೋಗಿ ಪೂರ್ತಿ ಕಡಿದು ಹಾಕುತ್ತದೆ.

600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದು ಸಣ್ಣ ಸೀಲ್ಡ್ ಬ್ಯಾಟರಿ. ಅದರ ಆಯುಷ್ಯ ಎರಡು-ಮೂರು ವರ್ಷ. ಬಿಸಿ ಏರಿದಂತೆ ಆಯುಷ್ಯ ಕಡಿಮೆ. ಹತ್ತು ಡಿಗ್ರಿ ಜಾಸ್ತಿಯಾದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅಂತ ಲೆಕ್ಕ. ನಮ್ಮ ಏಪ್ರಿಲ್-ಮೇ ಬಿಸಿಲು 40 ದಾಟುತ್ತದೆ, ತಗಡಿನ ಮನೆಯಾದರೆ ಕೇಳುವುದೇ ಬೇಡ. ಆರು ವರ್ಷ ಬದಲಿಸದ ಬ್ಯಾಟರಿಗೆ ಜೀವ ಇದೆ ಅಂತ ನಾನು ನಂಬಲಾರೆ.

ಪರೀಕ್ಷೆ ಕಂಪ್ಯೂಟರ್ ಮೇಲೆ ಬೇಡ. ಕಂಪ್ಯೂಟರ್ ಬಂದ್ ಮಾಡಿ, ಅದರ ವಯರ್ ಯುಪಿಎಸ್‌ನಿಂದ ತೆಗೆಯಿರಿ. ಆ ಜಾಗಕ್ಕೆ 60 ವ್ಯಾಟಿನ ಹಳೆಯ ಬಲ್ಬ್ ಅಥವಾ ಒಂದು ಟೇಬಲ್ ಫ್ಯಾನ್ ಹಾಕಿ. ಯುಪಿಎಸ್ ಒಂದು ರಾತ್ರಿ ಚಾರ್ಜ್ ಆಗಿರಲಿ. ಈಗ ಗೋಡೆಯ ಸ್ವಿಚ್ ಆರಿಸಿ ಗಡಿಯಾರ ನೋಡಿ. ಒಳ್ಳೆಯ ಬ್ಯಾಟರಿಯಾದರೆ ಬಲ್ಬ್ ಹದಿನೈದಿಪ್ಪತ್ತು ನಿಮಿಷವಾದರೂ ಉರಿಯಬೇಕು. ತಕ್ಷಣ ಆರಿದರೆ, ಅಥವಾ ಒಂದೆರಡು ನಿಮಿಷ ಬೀಪ್ ಬೀಪ್ ಅಂದು ಸತ್ತರೆ ಬ್ಯಾಟರಿ ಮುಗಿದಿದೆ. ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು, ಸಾವಿರ ರೂಪಾಯಿ ಆಸುಪಾಸಿನ ಖರ್ಚು. ಇಡೀ ಯುಪಿಎಸ್ ಹೊಸದು ಮಾರಲು ಬಂದರೆ ಬೇಡ ಅನ್ನಿ. ಹಳೆಯ ಬ್ಯಾಟರಿ ಅಂಗಡಿಯವರಿಗೇ ವಾಪಸ್ ಕೊಡಿ, ಅದರಲ್ಲಿ ಸೀಸ ಇರುತ್ತದೆ, ಹಿತ್ತಲಿಗೆ ಎಸೆಯಬೇಡಿ. ಒಳಗೆ ಬ್ಯಾಟರಿ ಉಬ್ಬಿಕೊಂಡಿದ್ದರೆ ಎಳೆದಾಡದೆ ಅವರಿಂದಲೇ ತೆಗೆಸಿ.

ಬ್ಯಾಟರಿ ಬರುವವರೆಗೆ ಇನ್ನೊಂದು ಪರೀಕ್ಷೆ. ಎರಡು ದಿನ ಕಂಪ್ಯೂಟರನ್ನು ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ. ಟ್ಯಾಲಿಯಲ್ಲಿ ಭಾರೀ ಕೆಲಸ ಬೇಡ, ಏನಾದರೂ ವಿಡಿಯೋ ಹಚ್ಚಿಡಿ. ಮಗ್ಗ ಶುರುವಾದಾಗ ಆಫ್ ಆಗುವುದು ನಿಂತರೆ ಕಳ್ಳ ಸಿಕ್ಕ.

ಇಲ್ಲಿ ಒಂದು ಎಚ್ಚರಿಕೆಯ ಮಾತು, ಇದು ಕಂಪ್ಯೂಟರಿಗಿಂತ ದೊಡ್ಡದು. ಮಗ್ಗ ಶುರುವಾದಾಗ ಮನೆಯ ಎಲ್ಲ ಬಲ್ಬ್ ಸ್ವಲ್ಪ ಮಂಕಾಗುವುದು ಸಹಜ. ಆದರೆ ಒಂದು ಕೋಣೆಯಲ್ಲಿ ಮಂಕಾಗಿ ಇನ್ನೊಂದು ಕೋಣೆಯಲ್ಲಿ ಬಲ್ಬ್ ಇನ್ನೂ ಜೋರಾಗಿ ಉರಿದರೆ ಅದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವಯರ್) ಸಡಿಲವಾದ ಲಕ್ಷಣ. ತ್ರೀ ಫೇಸ್ ಇರುವ ಮನೆಯಲ್ಲಿ ನ್ಯೂಟ್ರಲ್ ಕಡಿದರೆ ಸಾಮಾನಿಗೆ 230ರ ಬದಲು 300, 350 ವೋಲ್ಟ್ ಕೂಡ ಬೀಳಬಹುದು. ಫ್ರಿಜ್, ಟಿವಿ, ಕಂಪ್ಯೂಟರ್ ಎಲ್ಲ ಒಂದೇ ಏಟಿಗೆ ಸುಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಹಾಗೆ ಕಂಡರೆ ಕಾಯಬೇಡಿ. ಮೇನ್ ಆರಿಸಿ, ಎಲೆಕ್ಟ್ರಿಶಿಯನ್ ಕರೆಸಿ. ಕಂಬದ ಕಡೆಯ ತೊಂದರೆಯಾದರೆ ವಿದ್ಯುತ್ ದೂರಿನ 1912 ನಂಬರಿಗೆ ಫೋನ್ ಮಾಡಿ ಹೇಳಿ.

ಈಗ ಎರಡನೇ ರೋಗ. ಮಧ್ಯಾಹ್ನ ಜಾಸ್ತಿ, ಮತ್ತೆ ಆನ್ ಮಾಡಿದರೆ ಐದು ನಿಮಿಷಕ್ಕೆ ಮತ್ತೆ ಆಫ್. ಇದು ಬಿಸಿಯ ನಡೆ. ಪ್ರೊಸೆಸರ್ ಬಿಸಿಯಾದರೆ ಮೊದಲು ತಾನೇ ನಿಧಾನವಾಗುತ್ತದೆ. ಐ3 ಅಂಥವು ಸುಮಾರು 100 ಡಿಗ್ರಿ ಮುಟ್ಟುವಾಗ ವೇಗ ಇಳಿಸಿಕೊಳ್ಳುತ್ತವೆ. ಅದರಿಂದಲೂ ಆಗದಿದ್ದರೆ ಜೀವ ಉಳಿಸಿಕೊಳ್ಳಲು ಒಮ್ಮೆಗೇ ಆಫ್ ಮಾಡಿಸುತ್ತದೆ. ಯಾರನ್ನೂ ಕೇಳುವುದಿಲ್ಲ, ವಿಂಡೋಸನ್ನೂ. ಇದು ಕೆಟ್ಟದ್ದಲ್ಲ, ಕಾವಲು. ನೀವು ತಕ್ಷಣ ಆನ್ ಮಾಡಿದರೆ ಒಳಗೆ ಇನ್ನೂ ಕಾದ ಹೆಂಚೇ ಇದೆ, ಹಾಗಾಗಿ ಈ ಸಲ ಬೇಗ ಆಫ್. ಆಫ್ ಆಗುವ ಮೊದಲು ಟ್ಯಾಲಿ ಎಳೆದೆಳೆದು ನಡೆಯುತ್ತಿತ್ತಾ, ಫ್ಯಾನ್ ಸದ್ದು ಜೋರಾಗಿತ್ತಾ, ನೆನಪು ಮಾಡಿಕೊಳ್ಳಿ.

ಬಿಸಿಲಿಗೂ ಇದಕ್ಕೂ ಸಂಬಂಧ ಸರಳ. ಹೀಟ್ ಸಿಂಕ್ ಮತ್ತು ಫ್ಯಾನ್ ಮಾಡುವ ಕೆಲಸ ಪ್ರೊಸೆಸರಿನ ಬಿಸಿಯನ್ನು ಕೋಣೆಯ ಗಾಳಿಗೆ ಕೊಡುವುದು. ಗಾಳಿ 25 ಡಿಗ್ರಿ ಇದ್ದಾಗ ಪ್ರೊಸೆಸರ್ 70ರಲ್ಲಿ ಇದ್ದರೆ, ಗಾಳಿ 40 ಆದಾಗ ಅದೇ ಕೆಲಸಕ್ಕೆ 85ರ ಹತ್ತಿರ ಹೋಗುತ್ತದೆ. ಚಳಿಗಾಲದಲ್ಲಿ ಮುಚ್ಚಿಕೊಂಡಿದ್ದ ಹುಳುಕು ಬೇಸಿಗೆಯಲ್ಲಿ ಹೊರಬೀಳುವುದು ಇದಕ್ಕೇ.

ಇದರ ಮೇಲೆ ನಿಮ್ಮದು ಮಗ್ಗದ ಮನೆ. ಬೇರೆ ಊರಿನ ಡಬ್ಬಿಯಲ್ಲಿ ಧೂಳು ಇರುತ್ತದೆ, ಊದಿದರೆ ಹೋಗುತ್ತದೆ. ರಬಕವಿ, ಬನಹಟ್ಟಿ, ಇಳಕಲ್ಲು ಕಡೆಯಿಂದ ಬರುವ ಡಬ್ಬಿಯಲ್ಲಿ ಧೂಳಿನ ಜೊತೆ ನೂಲಿನ ಎಳೆ. ಅದು ಊದಿದರೆ ಹೋಗುವುದಿಲ್ಲ. ಫ್ಯಾನ್ ಒಳಗೆ ಎಳೆದ ಅರಳೆ ಹೀಟ್ ಸಿಂಕ್‌ನ ಹಲ್ಲುಗಳ ಮೇಲೆ ಪದರ ಪದರವಾಗಿ ಕೂತು ಕೌದಿ ಆಗಿರುತ್ತದೆ. ಮೇಲಿಂದ ನೋಡಿದರೆ ಫ್ಯಾನ್ ತಿರುಗುತ್ತಿರುತ್ತದೆ, ಎಲ್ಲ ಸರಿಯಾಗೇ ಕಾಣುತ್ತದೆ. ಕೌದಿ ಇರುವುದು ಫ್ಯಾನಿನ ಕೆಳಗೆ. ಫ್ಯಾನ್ ಬಿಚ್ಚಿದಾಗ ಒಂದೇ ತುಂಡಾಗಿ, ಬೆರಳಲ್ಲಿ ಹಿಡಿದು ಎತ್ತುವ ಹಾಗೆ ಬರುತ್ತದೆ. ಒಬ್ಬ ನೇಕಾರ ಅಣ್ಣಾವರು ಅದನ್ನು ಕೈಯಲ್ಲಿ ಹಿಡಿದು "ಇದಕ್ಕ ಒಂದ್ ಬಣ್ಣ ಹಾಕಿದ್ರ ಮಾರಬಹುದು ನೋಡ್ರಿ" ಅಂದಿದ್ದರು.

ತೆಗೆಯುವುದು ಹೀಗೆ. ಬಂದ್ ಮಾಡಿ, ವಯರ್ ಕಿತ್ತು, ಆಮೇಲೆ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಡಬ್ಬಿ ಅಂಗಳಕ್ಕೆ ತಂದು ಪಕ್ಕದ ಬಾಗಿಲು ಬಿಚ್ಚಿ. ಬರಿ ಲೋಹವನ್ನು ಒಮ್ಮೆ ಮುಟ್ಟಿ ಆಮೇಲೆ ಕೈ ಹಾಕಿ. ಒಣ ಪೇಂಟ್ ಬ್ರಶ್ ಸಾಕು, ಸಣ್ಣ ಬ್ಲೋವರ್ ಇದ್ದರೆ ಇನ್ನೂ ಒಳ್ಳೆಯದು. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಗಿರ್ರನೆ ತಿರುಗಿದರೆ ಬೇರಿಂಗ್ ಹಾಳು. ಒದ್ದೆ ಬಟ್ಟೆ ಬೇಡ. ಪಂಕ್ಚರ್ ಅಂಗಡಿಗಂತೂ ಒಯ್ಯಬೇಡಿ. ಆ ಕಂಪ್ರೆಸರ್ ಗಾಳಿಯಲ್ಲಿ ನೀರು ಇರುತ್ತದೆ, ಎಣ್ಣೆ ಇರುತ್ತದೆ, ಒತ್ತಡವೂ ಅತಿ. ಹಾಗೆ ಊದಿಸಿ ತಂದ ಒಂದು ಬೋರ್ಡ್ ನನ್ನ ಅಂಗಡಿಯ ಮೂಲೆಯಲ್ಲಿ ಇನ್ನೂ ಬಿದ್ದಿದೆ, ಗಿರಾಕಿಗಳಿಗೆ ತೋರಿಸಲು.

ಕೂಲರನ್ನೇ (ಹೀಟ್ ಸಿಂಕ್ ಮತ್ತು ಅದರ ಫ್ಯಾನ್ ಸೇರಿದ್ದು) ಬಿಚ್ಚುವುದಾದರೆ ಕೈಪಳಗಿದವರ ಹತ್ತಿರ ಮಾಡಿಸಿ, ಆದರೆ ಎದುರಿಗೆ ನಿಂತು ನೋಡಿ. ಇಂಟೆಲ್ ಜೊತೆ ಬರುವ ಗುಂಡನೆಯ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಆರು ವರ್ಷದ ಬಿಸಿಗೆ ಅವು ಪೆಡಸಾಗಿರುತ್ತವೆ. ಒಂದು ಕಾಲು ಸರಿಯಾಗಿ ಕೂರದಿದ್ದರೂ ಕೂಲರ್ ಓರೆಯಾಗಿ, ಮೊದಲಿಗಿಂತ ಕೆಟ್ಟ ಸ್ಥಿತಿ. ನಾಲ್ಕೂ ಕಾಲು ಕಟ್ ಅಂತ ಕೂತಿವೆಯೇ ಅಂತ ಬೋರ್ಡಿನ ಹಿಂದಿನಿಂದಲೂ ನೋಡಬೇಕು. ಬಿಸಿ ದಾಟಲಿ ಅಂತ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಅದನ್ನು ಸ್ಪಿರಿಟ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಹೊಸ ಪೇಸ್ಟ್ ನಡುವೆ ತೊಗರಿ ಕಾಳಿನಷ್ಟು ಇಟ್ಟರೆ ಸಾಕು. ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ದಪ್ಪ ಹಚ್ಚುವವರಿದ್ದಾರೆ, ಅದರಿಂದ ಬಿಸಿ ದಾಟುವುದು ಇನ್ನೂ ಕಷ್ಟ.

ಮಾಡುವ ಮೊದಲೂ ಮಾಡಿದ ಮೇಲೂ ಉಷ್ಣಾಂಶ ನೋಡಿ ಬರೆದಿಡಿ. ಬಯೋಸ್‌ನಲ್ಲೇ ಹಾರ್ಡ್‌ವೇರ್ ಮಾನಿಟರ್ ಅಥವಾ ಪಿಸಿ ಹೆಲ್ತ್ ಅನ್ನುವ ಪುಟದಲ್ಲಿ ಸಿಪಿಯು ಟೆಂಪರೇಚರ್ ಕಾಣುತ್ತದೆ. ವಿಂಡೋಸ್‌ನಲ್ಲಿ ನೋಡಲು ಎಚ್‌ಡಬ್ಲ್ಯೂ ಇನ್ಫೋ, ಕೋರ್ ಟೆಂಪ್ ಅಂಥ ಪುಕ್ಕಟೆ ಪ್ರೋಗ್ರಾಂಗಳಿವೆ. ನಮ್ಮ ಬೇಸಿಗೆಯಲ್ಲಿ ಸುಮ್ಮನೆ ಇದ್ದಾಗ 50-55 ಇದ್ದರೆ ಚಿಂತೆ ಇಲ್ಲ. ಕೆಲಸ ಮಾಡುವಾಗ 80ರ ಒಳಗೆ ಇದ್ದರೆ ಒಳ್ಳೆಯದು. ಬಯೋಸ್ ಪುಟದಲ್ಲಿ ಕೂತಲ್ಲೇ 85, 90 ಅಂತ ಏರುತ್ತಾ ಹೋದರೆ ಕೌದಿ ಇದೆ, ಇಲ್ಲವೇ ಕೂಲರ್ ಸಡಿಲ. ಬೇರೆ ಪುರಾವೆ ಬೇಕಿಲ್ಲ.

ಇವೆರಡೂ ಸರಿ ಮಾಡಿದ ಮೇಲೂ ಆಫ್ ಆದರೆ ಆಮೇಲೆ ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು 12, 5, 3.3 ವೋಲ್ಟ್‌ಗಳಾಗಿ ಮಾಡಿ ಕೊಡುವ ಪೆಟ್ಟಿಗೆ ಇದು. ಇದು ಕೆಟ್ಟಾಗಿನ ಗುಣವೇ ಬೇರೆ. ಆಫ್ ಆದ ಮೇಲೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಹಿಂದಿನ ವಯರ್ ಕಿತ್ತು, ಒಂದೆರಡು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಶುರು. ಅದು ತನ್ನನ್ನು ತಾನೇ ಲಾಕ್ ಮಾಡಿಕೊಂಡಿರುತ್ತದೆ. ನಿಮ್ಮ ಪತ್ರದಲ್ಲಿ ಈ ಮಾತು ಇಲ್ಲ, ಅದಕ್ಕೇ ಇದನ್ನು ಮೂರನೇ ಸ್ಥಾನಕ್ಕೆ ಇಟ್ಟೆ. ಆದರೆ ಅದರ ಫ್ಯಾನ್ ಜಾಲರಿಯಲ್ಲೂ ಅರಳೆ ಇರುತ್ತದೆ, ಹೊರಗಿನಿಂದ ಬ್ರಶ್ ಮಾಡಿ.

ಹೊರಗಿನಿಂದ ಮಾತ್ರ. ಎಸ್‌ಎಂಪಿಎಸ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ತುಂಬಿರುತ್ತದೆ, ವಯರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಆ ಹೊಡೆತ ಸಣ್ಣದಲ್ಲ. ಅದರ ಪರೀಕ್ಷೆಗೆ ನಾನು ಮಾಡುವುದು ಒಂದೇ, ಒಳ್ಳೆಯ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಎರಡು ದಿನ ಓಡಿಸುವುದು. ಮಲ್ಟಿಮೀಟರ್ ಹಿಡಿದು ಹಳದಿ ವಯರಿನಲ್ಲಿ 11.4ರಿಂದ 12.6 ವೋಲ್ಟ್ ಒಳಗೆ ಇದೆಯೇ ನೋಡಬಹುದು. ಆದರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಕುಸಿದು ಏಳುವುದನ್ನು ಮೀಟರ್ ಹಿಡಿಯುವುದಿಲ್ಲ. ಹೊಸದು ಕೊಳ್ಳಬೇಕಾಗಿ ಬಂದರೆ ಮೇಲೆ ದೊಡ್ಡದಾಗಿ ಬರೆದ 450, 500 ನೋಡಿ ಮರುಳಾಗಬೇಡಿ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಮುಂದೆ ಎಷ್ಟು ಆಂಪಿಯರ್ ಅಂತ ಇದೆ ನೋಡಿ, 12ರಿಂದ ಗುಣಿಸಿ. 450 ಅಂತ ಬರೆದು 12 ವೋಲ್ಟಿಗೆ 16 ಆಂಪಿಯರ್ ಕೊಟ್ಟಿದ್ದರೆ ಅಲ್ಲಿ ಸಿಗುವುದು 192 ವ್ಯಾಟ್. ನಿಮ್ಮ ಐ3ಗೆ ಅಷ್ಟೂ ಸಾಕು, ಆದರೆ ಸುಳ್ಳು ಬರೆದವನು ಒಳಗೆ ಏನು ಹಾಕಿದ್ದಾನೋ ಅನ್ನುವುದು ನನ್ನ ಚಿಂತೆ.

ಸಣ್ಣಪುಟ್ಟವು ಇನ್ನು ಕೆಲವು. ಡಬ್ಬಿಯ ಹಿಂದೆ ಚುಚ್ಚುವ ಕರಿ ವಯರ್ ಸಡಿಲವಾಗಿದ್ದರೆ ಮಗ್ಗದ ಅದುರಿಗೇ ಸಂಪರ್ಕ ತಪ್ಪಬಹುದು. ಆನ್ ಇದ್ದಾಗ ಮೆಲ್ಲಗೆ ಅಲುಗಿಸಿ ನೋಡಿ. ಎಕ್ಸ್‌ಟೆನ್ಶನ್ ಬೋರ್ಡಿನ ತೂತಿನ ಸುತ್ತ ಕಪ್ಪು ಸುಟ್ಟ ಗುರುತು ಇದ್ದರೆ ಎಸೆದುಬಿಡಿ. ಮುಂದಿನ ಪವರ್ ಬಟನ್ ಕೂಡ ಕಳ್ಳನೇ. ಒಳಗೆ ಧೂಳು ಸೇರಿ ಅದು ಒತ್ತಿದಲ್ಲೇ ಅಂಟಿಕೊಂಡರೆ, ನಾಲ್ಕು ಸೆಕೆಂಡ್ ಒತ್ತಿ ಹಿಡಿದ ಹಾಗೆ ಲೆಕ್ಕವಾಗಿ ಕಂಪ್ಯೂಟರ್ ಆಫ್. ಬಟನ್ ಒತ್ತಿದರೆ ಸ್ಪ್ರಿಂಗ್ ಹಾಗೆ ಪುಟಿದು ಬರಬೇಕು. ರ‍್ಯಾಮ್ ಕೆಟ್ಟರೆ ನೀಲಿ ಪರದೆ ಅಥವಾ ರೀಸ್ಟಾರ್ಟ್ ಜಾಸ್ತಿ, ಈ ನಮೂನೆಯ ಆಫ್ ಅಪರೂಪ. ಬೋರ್ಡಿನ ಮೇಲಿನ ಗುಂಡು ಸೆಲ್ ಹೋದರೆ ತಾರೀಖು ತಪ್ಪುತ್ತದೆ, ಕಂಪ್ಯೂಟರ್ ಆಫ್ ಆಗುವುದಿಲ್ಲ. ಸೆಲ್ ಬದಲಿಸಿ ಆಫ್ ಆಗುವುದನ್ನು ಸರಿ ಮಾಡಿದೆ ಅನ್ನುವವರಿಗೆ ನಮಸ್ಕಾರ ಹೇಳಿ.

ಡಬ್ಬಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಹೌದಾದರೆ ಅರ್ಥಿಂಗ್ ಇಲ್ಲ. ಬೇಸಿಗೆಯಲ್ಲಿ ನಮ್ಮ ಎರೆ ಭೂಮಿ ಬಿರುಕು ಬಿಟ್ಟು ಒಣಗಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಹಿತ್ತಲಿನ ಆ ಗುಂಡಿಗೆ ವಾರಕ್ಕೆ ಒಂದೆರಡು ಕೊಡ ನೀರು ಹಾಕಿ. ಅಜ್ಜ ಮಾಡುತ್ತಿದ್ದದ್ದನ್ನು ನಾವು ಮರೆತಿದ್ದೇವೆ. ಅದೂ ಆಗದಿದ್ದರೆ ಎಲೆಕ್ಟ್ರಿಶಿಯನ್‌ಗೆ ತೋರಿಸಿ.

ಹಾಗಾದರೆ ಬೋರ್ಡ್ ಮೇಲೆ ಯಾವಾಗ ಅನುಮಾನ ಪಡಬೇಕು? ಯುಪಿಎಸ್ ಸರಿ, ಉಷ್ಣಾಂಶ 80ರ ಒಳಗೆ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದೆ, ಬಟನ್ ವಯರ್ ಕಿತ್ತು ನೋಡಿದೆ, ಆದರೂ ಬೇರೆಯವರ ಮನೆಯಲ್ಲೂ ಆಫ್ ಆಗುತ್ತದೆ. ಆಗ ಒಪ್ಪಿಕೊಳ್ಳುತ್ತೇನೆ. ರಿಪೇರಿಯವರಿಗೆ ಇದನ್ನು ಹೇಳುವಾಗ ಜಗಳದ ದನಿ ಬೇಡ. "ಒಂದ್ ಎರಡ್ ದಿನ ಬ್ಯಾರೆ ಎಸ್‌ಎಂಪಿಎಸ್ ಹಾಕಿ ಕೊಡ್ರಿ, ನೋಡೂಣು" ಅನ್ನಿ. ಪ್ರಾಮಾಣಿಕರಾದರೆ ಕೊಡುತ್ತಾರೆ. ಆರು ವರ್ಷದ ಐ3ಗೆ ಹೊಂದುವ ಹೊಸ ಬೋರ್ಡ್ ಸಿಗುವುದೇ ಕಷ್ಟ, ಸಿಗುವುದು ಹೆಚ್ಚಾಗಿ ಬಿಚ್ಚಿದ ಹಳೆಯದು. ಅದಕ್ಕೆ ಕೊಡುವ ದುಡ್ಡನ್ನು ಹೊಸ ಕಂಪ್ಯೂಟರಿನ ಕಡೆ ಸೇರಿಸುವುದು ಮೇಲು ಅಂತ ನನ್ನ ಅಭಿಪ್ರಾಯ.

ಎಲ್ಲ ಸರಿಯಾದ ಮೇಲೆ ಡಬ್ಬಿಯ ಜಾಗ ಬದಲಿಸಿ. ಮಗ್ಗದ ಕೋಣೆಯ ಪಕ್ಕದ ಗೋಡೆ ಬಿಟ್ಟು ಒಳಗಿನ ಕೋಣೆಗೆ ಒಯ್ಯಿರಿ, ನೆಲದ ಮೇಲೆ ಬೇಡ, ಒಂದು ಮೊಳ ಎತ್ತರದ ಸ್ಟೂಲ್ ಮೇಲಿಡಿ. ಅರಳೆ ನೆಲದ ಹತ್ತಿರವೇ ಜಾಸ್ತಿ ಓಡಾಡುತ್ತದೆ. ಗೋಡೆಗೂ ಹಿಂಬದಿಗೂ ಒಂದು ಗೇಣು ಬಿಡಿ. ಗಾಳಿ ಒಳಗೆ ಹೋಗುವ ಕಡೆ ಸೊಳ್ಳೆ ಪರದೆಯ ತುಂಡು ಅಂಟಿಸಿ, ಭಾನುವಾರಕ್ಕೊಮ್ಮೆ ಅದನ್ನು ಬ್ರಶ್‌ನಿಂದ ಉದುರಿಸಿ. ದಪ್ಪ ಬಟ್ಟೆ ಬೇಡ, ಗಾಳಿ ನಿಲ್ಲುತ್ತದೆ. ಧೂಳು ಬೀಳದಿರಲಿ ಅಂತ ಸೀರೆ ತುಂಡಿನ ಕವರ್ ಹೊಲಿದು ಹಾಕಿದ್ದರೆ, ಕಂಪ್ಯೂಟರ್ ಆನ್ ಇರುವಾಗ ಅದನ್ನು ತೆಗೆದಿಡಿ.